ಕೊಯ್ದ ಕಾಯಿಯ ಉಸಿರು

ಶ್ರೀನಿವಾಸಪುರದ ಮಾವಿನ ಬೆಳೆಗಾರರೆ, ಮಂಡಿಯ ಹಿರಿಯರೆ, ಗೋಡೆಗೆ ಒರಗಿ ನಿಂತಿರುವ ಕಾಲೇಜು ವಿದ್ಯಾರ್ಥಿಗಳೆ, ನಮಸ್ಕಾರ.

ಕಾಯಿಯ ಭುಜದ ಉಬ್ಬು ನೋಡಿಯೇ ಬಾದಾಮಿ ಮಾವು ಬಲಿತಿದೆಯೋ ಇಲ್ಲವೋ ಹೇಳಬಲ್ಲವರು ನೀವು. ನಿಮ್ಮ ಮುಂದೆ ಮಾವು ಬೆಳೆಯುವ ಮಾತು ನಾನು ಆಡುವುದಿಲ್ಲ. ನಾನು ಸಸ್ಯಶಾಸ್ತ್ರದ ಮೇಷ್ಟ್ರು. ತೊಟ್ಟು ಮುರಿದ ಗಳಿಗೆಯಿಂದ ಆಚೆಗೆ ಕಾಯಿಯ ಒಳಗೆ ಏನು ನಡೆಯುತ್ತದೆ ಎಂಬುದಷ್ಟೇ ನನ್ನ ವಿಷಯ.

ಮಂಡಿಯಲ್ಲಿ ನಾವು ಅದನ್ನು ಮಾಲು ಎನ್ನುತ್ತೇವೆ. ಸಿಮೆಂಟೂ ಮಾಲೇ, ಮಾವೂ ಮಾಲೇ. ಆದರೆ ಕ್ರೇಟಿನಲ್ಲಿ ಕುಳಿತ ಮಾವು ಈಗಲೂ ಉಸಿರಾಡುತ್ತಿದೆ. ಅದರ ಒಂದೊಂದು ಜೀವಕೋಶವೂ ಸಕ್ಕರೆಯನ್ನು ಆಮ್ಲಜನಕದೊಂದಿಗೆ ಸುಟ್ಟು ಇಂಗಾಲದ ಡೈಆಕ್ಸೈಡ್, ನೀರು ಮತ್ತು ಶಾಖವನ್ನು ಹೊರಹಾಕುತ್ತಿದೆ. ಮರದಲ್ಲಿದ್ದಾಗಲೂ ಈ ಖರ್ಚು ಇತ್ತು, ಎಲೆ ಅದನ್ನು ತುಂಬಿಕೊಡುತ್ತಿತ್ತು. ಈಗ ವರಮಾನ ನಿಂತಿದೆ, ಖರ್ಚು ನಿಂತಿಲ್ಲ. ಕೂಡಿಟ್ಟದ್ದು ಎಷ್ಟು ದಿನ ಬರುತ್ತದೆ ಎನ್ನುವುದೇ ಲೆಕ್ಕ.

ಆ ಖರ್ಚಿನ ವೇಗವನ್ನು ನಿರ್ಧರಿಸುವುದು ಬಿಸಿ. ಹತ್ತು ಡಿಗ್ರಿ ಸೆಲ್ಸಿಯಸ್ ಏರಿದರೆ ಉಸಿರಾಟ ಸುಮಾರಾಗಿ ಎರಡು ಮೂರು ಪಟ್ಟಾಗುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಕೊಯ್ದು, ಅಲ್ಲೇ ರಾಶಿ ಹಾಕಿ, ಮೇಲೆ ಟಾರ್ಪಾಲು ಹೊದಿಸಿದಿರಿ ಎನ್ನಿ. ರಾಶಿಯ ನಡುವಿನ ಕಾಯಿ ತನ್ನ ಉಸಿರಿನ ಶಾಖದಲ್ಲಿ ತಾನೇ ಬೇಯುತ್ತದೆ, ಬೆಂದಷ್ಟೂ ಇನ್ನಷ್ಟು ಜೋರಾಗಿ ಉಸಿರಾಡುತ್ತದೆ. ರಾಶಿಗೆ ಕೈ ತೂರಿಸಿ ನೋಡಿದವರಿಗೆ ಇದು ಗೊತ್ತು.

ಇನ್ನು ಹಣ್ಣಾಗುವ ವಿಚಾರ. ಎಲ್ಲ ಬೆಳೆಯೂ ಕೊಯ್ದ ಮೇಲೆ ಹಣ್ಣಾಗುವುದಿಲ್ಲ. ದ್ರಾಕ್ಷಿಯನ್ನು ಹುಳಿಯಿದ್ದಾಗ ಕಿತ್ತರೆ ಅದು ಹುಳಿಯಾಗಿಯೇ ಬಾಡುತ್ತದೆ. ದಾಳಿಂಬೆ, ಕಿತ್ತಳೆ, ಅನಾನಸು ಅದೇ ಜಾತಿ. ಮಾವು, ಬಾಳೆ, ಪರಂಗಿ, ಸಪೋಟ, ಟೊಮೆಟೊ ಬೇರೆ. ಇವುಗಳ ಉಸಿರಾಟ ಹಣ್ಣಾಗುವ ಹೊತ್ತಿಗೆ ಒಮ್ಮೆಲೇ ಏರಿ ಆಮೇಲೆ ಇಳಿಯುತ್ತದೆ. ಆ ಏರಿಕೆಯ ದಿನಗಳಲ್ಲಿ ಕಿಣ್ವಗಳಿಗೆ ಬಿಡುವೇ ಇಲ್ಲ. ಪಿಷ್ಟ ಒಡೆದು ಸಕ್ಕರೆಯಾಗುತ್ತದೆ, ಹುಳಿ ಕರಗುತ್ತದೆ, ಪತ್ರಹರಿತ್ತು ಅಳಿದು ಹಳದಿ ಕಾಣುತ್ತದೆ. ಕೋಶ ಕೋಶಗಳ ನಡುವೆ ಗಾರೆಯಂತೆ ಹಿಡಿದಿದ್ದ ಪೆಕ್ಟಿನ್ ಸಡಿಲವಾಗುತ್ತದೆ. ಹೆಬ್ಬೆರಳಿಗೆ ಮೆತ್ತಗೆ ಸಿಗುವುದು ಆ ಸಡಿಲವೇ.

ಇದಕ್ಕೆಲ್ಲ ಅಪ್ಪಣೆ ಕೊಡುವುದು ಎಥಿಲೀನ್ ಎಂಬ ಅನಿಲ. ಅದರ ಕಥೆಗೆ ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತೇನೆ, ಕ್ಷಮಿಸಿ, ನನಗೆ ಇದು ಇಷ್ಟದ ಕಥೆ. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ದಿಮಿತ್ರಿ ನೆಲ್ಯುಬೊವ್ ಎಂಬ ವಿದ್ಯಾರ್ಥಿ ಪ್ರಯೋಗಾಲಯದ ಕತ್ತಲೆಯಲ್ಲಿ ಬಟಾಣಿ ಮೊಳಕೆ ಬೆಳೆಸುತ್ತಿದ್ದ. ಅವು ಮೇಲಕ್ಕೆ ಏಳದೆ ಕುಳ್ಳಾಗಿ, ದಪ್ಪವಾಗಿ, ಅಡ್ಡಕ್ಕೆ ಹರಿದವು. ಹೊರಗಿನ ಗಾಳಿ ಕೊಟ್ಟರೆ ನೆಟ್ಟಗೆ ಬೆಳೆದವು. ದೀಪ ಉರಿಸುವ ಗ್ಯಾಸಿನಲ್ಲಿದ್ದ ಎಥಿಲೀನ್ ಇದಕ್ಕೆ ಕಾರಣವೆಂದು ಅವನು 1901ರಲ್ಲಿ ತೋರಿಸಿದ. ಅತ್ತ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹಸಿರು ನಿಂಬೆಗೆ ಬಣ್ಣ ಬರಲೆಂದು ಸೀಮೆಎಣ್ಣೆ ಒಲೆ ಹಚ್ಚಿದ ಕೋಣೆಯಲ್ಲಿಡುತ್ತಿದ್ದರು. ಬಣ್ಣ ಕೊಡುವುದು ಒಲೆಯ ಬಿಸಿ ಎಂದು ನಂಬಿದ್ದರು. ಬರಿಯ ಬಿಸಿ ಕೊಟ್ಟರೆ ಬಣ್ಣ ಬರಲಿಲ್ಲ. ಹೊಗೆಯಲ್ಲಿರುವ ಎಥಿಲೀನೇ ಆ ಕೆಲಸ ಮಾಡುತ್ತಿತ್ತು ಎಂಬುದು 1924ರಲ್ಲಿ ಖಚಿತವಾಯಿತು. ಹತ್ತು ವರ್ಷ ಕಳೆದು, 1934ರಲ್ಲಿ, ಹಣ್ಣು ತಾನೇ ಈ ಅನಿಲವನ್ನು ತಯಾರಿಸುತ್ತದೆ ಎಂದು ಇಂಗ್ಲೆಂಡಿನ ಗೇನ್ ಎಂಬ ವಿಜ್ಞಾನಿ ಸೇಬಿನಲ್ಲಿ ಸಾಬೀತು ಮಾಡಿದರು.

ನಮ್ಮ ಅಜ್ಜಂದಿರು ಬಾಳೆಗೊನೆಗೆ ಹೊಗೆ ಹಾಕುತ್ತಿದ್ದರಲ್ಲ, ಮಾವನ್ನು ಹುಲ್ಲಿನಲ್ಲಿ ಅಡೆ ಹಾಕುತ್ತಿದ್ದರಲ್ಲ, ಅಲ್ಲಿಯೂ ಇದೇ ಅನಿಲ. ಹೊಗೆ ಅದನ್ನು ಹೊರಗಿನಿಂದ ಕೊಡುತ್ತದೆ, ಹುಲ್ಲು ಕಾಯಿ ಬಿಟ್ಟ ಅನಿಲವನ್ನು ಚದುರದಂತೆ ಹಿಡಿದಿಡುತ್ತದೆ. ಎಥಿಲೀನ್ ತಗುಲಿದ ಕಾಯಿ ಇನ್ನಷ್ಟು ಎಥಿಲೀನ್ ಮಾಡುತ್ತದೆ, ಅದು ಪಕ್ಕದ ಕಾಯಿಗೆ ತಗಲುತ್ತದೆ. ಆದ್ದರಿಂದಲೇ ಅಡೆಯಲ್ಲಿ ಒಂದು ದೋರಗಾಯಿ ಇದ್ದರೆ ಉಳಿದವೂ ಬೇಗ ತಿರುಗುತ್ತವೆ.

ಬೇಗ ಹಣ್ಣಾಗಲೆಂದು ಕಾಯಿಯ ನಡುವೆ ಇಡುವ ಕಾರ್ಬೈಡ್ ಪುಡಿಯ ಪೊಟ್ಟಣದ ಬಗ್ಗೆ ಇಲ್ಲಿಯೇ ಹೇಳಿಬಿಡುತ್ತೇನೆ. ತೇವ ತಾಗಿದಾಗ ಅದು ಬಿಡುವುದು ಅಸಿಟಲೀನ್, ಎಥಿಲೀನಿನ ಬಡ ನೆಂಟ. ಜೊತೆಗೆ ಆರ್ಸೆನಿಕ್ ಮತ್ತು ರಂಜಕದ ವಿಷಾಂಶಗಳೂ ಬರುತ್ತವೆ. ಕಾನೂನು ಅದನ್ನು ನಿಷೇಧಿಸಿದೆ. ಎಥಿಲೀನ್ ಅನಿಲವನ್ನು 100 ಪಿಪಿಎಂವರೆಗೆ, ಅಂದರೆ ಹತ್ತು ಲಕ್ಷ ಪಾಲು ಗಾಳಿಗೆ ನೂರು ಪಾಲಿನವರೆಗೆ, ಬಳಸಲು ಅನುಮತಿ ಇದೆ. ಆದರೆ ಎಳೆಗಾಯಿ ಕಿತ್ತರೆ ಯಾವ ಅನಿಲವೂ ರುಚಿ ತಂದುಕೊಡುವುದಿಲ್ಲ. ಸಕ್ಕರೆಯಾಗಬೇಕಾದ ಪಿಷ್ಟವೇ ಅದರಲ್ಲಿ ತುಂಬಿಲ್ಲ. ಸೀಸನ್ನಿನ ಮೊದಲ ವಾರದ ದರಕ್ಕೆ ಆಸೆಪಟ್ಟು ಕಿತ್ತ ಹಣ್ಣಿನ ಸಪ್ಪೆತನಕ್ಕೆ ಪುಡಿಯನ್ನಷ್ಟೇ ಬೈದರೆ ಹೇಗೆ?

ಹಾಗಾದರೆ ಎಲ್ಲವನ್ನೂ ಶೀತಲಗೃಹಕ್ಕೆ ತುಂಬಿ ಉಸಿರನ್ನು ನಿಧಾನ ಮಾಡೋಣ ಎನ್ನುವಿರಿ. ಉಷ್ಣವಲಯದ ಕಾಯಿ ಇದಕ್ಕೆ ಒಪ್ಪುವುದಿಲ್ಲ. ಜೀವಕೋಶದ ಪೊರೆಯಲ್ಲಿ ಕೊಬ್ಬಿನಂಶವಿದೆ. ಚಳಿಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗುವಂತೆ ಅದೂ ಬಿಗಿಯುತ್ತದೆ, ಪೊರೆ ಸೋರುತ್ತದೆ. ರಸದ ಚೀಲದಲ್ಲಿದ್ದ ಒಗರಿನ ವಸ್ತು ಹೊರಬಂದು ಕಿಣ್ವದೊಡನೆ ಬೆರೆತು ಕಪ್ಪಾಗುತ್ತದೆ. ಫ್ರಿಜ್‌ನಲ್ಲಿಟ್ಟ ಬಾಳೆಹಣ್ಣಿನ ಸಿಪ್ಪೆ ಕರಿಯಾಗುವುದು ಹೀಗೆ. ಬಾಳೆಗೆ 13 ಡಿಗ್ರಿಗಿಂತ ಕೆಳಗೆ ಕಷ್ಟ, ಬಲಿತ ಮಾವಿನಕಾಯಿಗೂ ಹೆಚ್ಚುಕಡಿಮೆ ಅಷ್ಟೇ. ಅತಿ ಚಳಿ ತಿಂದ ಮಾವು ಹೊರಗೆ ತಂದ ಮೇಲೆ ಸರಿಯಾಗಿ ಹಣ್ಣಾಗುವುದೇ ಇಲ್ಲ. ಟೊಮೆಟೊ ಫ್ರಿಜ್‌ನಲ್ಲಿ ಕೆಂಪಾಗಿ ಉಳಿಯುತ್ತದೆ, ಪರಿಮಳ ಹೋಗಿರುತ್ತದೆ. ಆಲೂಗಡ್ಡೆಯದು ಇನ್ನೊಂದು ಚೇಷ್ಟೆ: ಹೆಚ್ಚು ಚಳಿಯಾದರೆ ಪಿಷ್ಟವನ್ನು ಸಕ್ಕರೆ ಮಾಡಿಕೊಳ್ಳುತ್ತದೆ, ಕರಿದಾಗ ಚಿಪ್ಸ್ ಕಂದಾಗುತ್ತದೆ. ಸೊಪ್ಪು, ಕ್ಯಾರೆಟ್, ಕೋಸು ಇವಕ್ಕೆ ಮಾತ್ರ ಸೊನ್ನೆಯ ಹತ್ತಿರದ ತಂಪು ಹಿತ.

ಗಾಳಿಯಾಡದ ಪ್ಲಾಸ್ಟಿಕ್ ಚೀಲವೂ ಬೇಡ. ಆಮ್ಲಜನಕ ಮುಗಿದ ಮೇಲೆ ಕೋಶ ಹುಳಿಯುವ ದಾರಿ ಹಿಡಿಯುತ್ತದೆ. ಅದರಲ್ಲಿ ಸಿಗುವ ಶಕ್ತಿ ಬಹಳ ಕಡಿಮೆ, ಹಾಗಾಗಿ ಸಕ್ಕರೆ ಇನ್ನೂ ಬೇಗ ಕರಗುತ್ತದೆ, ಜೊತೆಗೆ ಹೆಂಡದ ವಾಸನೆ.

ಶೀತಲಗೃಹ ಇಲ್ಲದವರಿಗೆ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ರೂಪಿಸಿದ ಇಟ್ಟಿಗೆಯ ತಂಪುಪೆಟ್ಟಿಗೆ ಇದೆ. ಎರಡು ಸಾಲು ಇಟ್ಟಿಗೆ ಗೋಡೆ, ನಡುವೆ ಮರಳು, ಬೆಳಿಗ್ಗೆ ಸಂಜೆ ನೀರು. ಕರೆಂಟು ಬೇಡ, ಆರುವ ನೀರೇ ಒಳಗಿನ ಬಿಸಿಯನ್ನು ಎಳೆದುಕೊಳ್ಳುತ್ತದೆ. ಮಂಗಳೂರಿನ ತೇವದ ಗಾಳಿಯಲ್ಲಿ ಅದರ ಆಟ ಹೆಚ್ಚು ನಡೆಯದು, ಕೋಲಾರದ ಒಣ ಬೇಸಗೆಗೆ ಹೇಳಿ ಮಾಡಿಸಿದಂತಿದೆ. ನೀರಿಗೆ ಎಲ್ಲಿಗೆ ಹೋಗಲಿ ಎಂದು ಇಲ್ಲಿ ಕುಳಿತಿರುವ ಅಮ್ಮ ಒಬ್ಬರು ನಗುತ್ತಿದ್ದಾರೆ. ಅವರ ನಗು ನ್ಯಾಯವೇ. ನಾಲ್ಕಾರು ಬುಟ್ಟಿ ತರಕಾರಿಗೆ ಅದು ಸಾಕು, ಲಾರಿಗಟ್ಟಲೆ ಮಾವಿಗೆ ಆಗದು.

ಲಾರಿಯವರಿಗೆ ದಾರಿ ಇಷ್ಟೇ. ಬೆಳಗಿನ ತಂಪಿನಲ್ಲಿ ಕೊಯ್ಯಿರಿ. ಸೊನೆ ಸಿಪ್ಪೆಗೆ ಹರಿದು ಸುಡದಂತೆ ಕಾಯಿಯಲ್ಲಿ ತುಸು ತೊಟ್ಟು ಉಳಿಸಿ. ನೆರಳಿಗೆ ಸಾಗಿಸಿ, ಕ್ರೇಟುಗಳ ನಡುವೆ ಗಾಳಿಗೆ ಜಾಗ ಕೊಡಿ. ಬಾಡಿಗೆ ಉಳಿಯಲಿ ಎಂದು ಹಣ್ಣಾಗುತ್ತಿರುವ ಮಾವಿನ ಮೇಲೆ ಹೂಕೋಸು ಹೇರಬೇಡಿ. ಮಾವಿನ ಎಥಿಲೀನ್ ತಗುಲಿದರೆ ಅದರ ಎಲೆ ಹಳದಿಯಾಗಿ ಉದುರುತ್ತದೆ. ಮಾರುಕಟ್ಟೆಯಲ್ಲಿ ಬೈಗುಳ ತಿನ್ನುವವನು ಹೂಕೋಸು ಬೆಳೆದವನು.