ಪರಮಾಣುವಿನ ಚಿತ್ರ ಎಲ್ಲೆಲ್ಲಿ ಒಡೆಯಿತು

ಎಲ್ಲರಿಗೂ ನಮಸ್ಕಾರ.

ಪರಮಾಣು ಮಾದರಿಗಳ ಪಾಠ ಅಂದರೆ ನಮಗೆ ನೆನಪಾಗುವುದು ನಾಲ್ಕು ಚಿತ್ರ: ಡಾಲ್ಟನ್ನರ ಗಟ್ಟಿ ಗುಂಡು, ಥಾಮ್ಸನ್ನರ ಕಲ್ಲಂಗಡಿ, ರುದರ್‌ಫೋರ್ಡರ ಪುಟ್ಟ ಸೌರವ್ಯೂಹ, ಬೋರ್ ಅವರ ಉಂಗುರಗಳು. ಚಿತ್ರ ನೆನಪಿನಲ್ಲಿ ಉಳಿಯುತ್ತದೆ, ಅದು ಯಾಕೆ ಬಿದ್ದುಹೋಯಿತು ಎಂಬುದು ಉಳಿಯುವುದಿಲ್ಲ. ಡಾಲ್ಟನ್ನರ ನಂತರದ ಮೂರೂ ಎಡವಿದ್ದು ಲೆಕ್ಕದಲ್ಲಿ. ಇವತ್ತು ಆ ಲೆಕ್ಕಗಳನ್ನೇ ನೋಡೋಣ.

1897ರಲ್ಲಿ ಕೇಂಬ್ರಿಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿ ಥಾಮ್ಸನ್ ಅವರು ಕ್ಯಾಥೋಡ್ ಕಿರಣಗಳ ಆವೇಶಕ್ಕೂ ರಾಶಿಗೂ ಇರುವ ಅನುಪಾತ ಅಳೆದರು. ನಳಿಕೆಯೊಳಗೆ ಯಾವ ಅನಿಲ ತುಂಬಿದರೂ ಉತ್ತರ ಹೆಚ್ಚುಕಡಿಮೆ ಅದೇ. ಅಂದರೆ ಈ ಕಿರಣಗಳಲ್ಲಿರುವ ಕಣ, ನಾವೀಗ ಎಲೆಕ್ಟ್ರಾನ್ ಎನ್ನುವುದು, ಎಲ್ಲ ಪರಮಾಣುಗಳಲ್ಲೂ ಇದೆ. 1904ರಲ್ಲಿ ಅವರು ಕೊಟ್ಟ ಮಾದರಿಯಲ್ಲಿ ಧನ ಆವೇಶ ಇಡೀ ಗೋಳದಲ್ಲಿ ಸಮನಾಗಿ ಹರಡಿದೆ, ಎಲೆಕ್ಟ್ರಾನ್‌ಗಳು ಅದರೊಳಗೆ ಉಂಗುರ ಉಂಗುರವಾಗಿ ಸುತ್ತುತ್ತಿವೆ. ಒಂದು ಉಂಗುರದಲ್ಲಿ ಎಷ್ಟು ಎಲೆಕ್ಟ್ರಾನ್ ಇದ್ದರೆ ಅದು ಸ್ಥಿರವಾಗಿ ನಿಲ್ಲುತ್ತದೆ ಎಂದು ಅವರು ಕೂತು ಲೆಕ್ಕ ಹಾಕಿದ್ದರು. ಕಲ್ಲಂಗಡಿಯ ಹೋಲಿಕೆ ಮರೆಮಾಡುವುದು ಇದನ್ನೇ. ಹಣ್ಣಿನ ಬೀಜ ಕೂತಲ್ಲೇ ಕೂತಿರುತ್ತದೆ, ಥಾಮ್ಸನ್ನರ ಎಲೆಕ್ಟ್ರಾನ್ ಓಡುತ್ತಿತ್ತು.

ಈಗ ಮ್ಯಾಂಚೆಸ್ಟರ್‌ಗೆ ಬರೋಣ. ರುದರ್‌ಫೋರ್ಡರ ಪ್ರಯೋಗಾಲಯದಲ್ಲಿ ಗೈಗರ್ ಮತ್ತು ಮಾರ್ಸ್ಡನ್ ತೆಳು ಲೋಹದ ಹಾಳೆಗಳಿಗೆ ಆಲ್ಫಾ ಕಣ, ಅಂದರೆ ವಿಕಿರಣಶೀಲ ವಸ್ತುಗಳಿಂದ ಹೊಮ್ಮುವ ಧನ ಆವೇಶದ ಕಣ, ಹೊಡೆಯುತ್ತಿದ್ದರು. 0.00004 ಸೆಂಟಿಮೀಟರ್ ದಪ್ಪದ ಚಿನ್ನದ ಹಾಳೆ ದಾಟುವಾಗ ಕಣಗಳು ಸಾಮಾನ್ಯವಾಗಿ ಬಾಗುತ್ತಿದ್ದದ್ದು 0.87 ಡಿಗ್ರಿಯಷ್ಟು. ಆದರೆ 20,000ಕ್ಕೆ ಒಂದರಂತೆ ಕಣ ಸುಮಾರು 90 ಡಿಗ್ರಿ ತಿರುಗುತ್ತಿತ್ತು. ಪುಸ್ತಕಗಳಲ್ಲಿ ಕಾಣುವ '8000ಕ್ಕೆ ಒಂದು' ಎಂಬ ಅಂಕಿ ಚಿನ್ನದ್ದಲ್ಲ, 1909ರಲ್ಲಿ ಪ್ಲಾಟಿನಮ್‌ನಿಂದ ಹಿಂದಕ್ಕೆ ಚಿಮ್ಮಿದ ಕಣಗಳದ್ದು.

ಥಾಮ್ಸನ್ನರ ಗೋಳ ಒಂದು ಆಲ್ಫಾ ಕಣವನ್ನು ಎಷ್ಟು ಬಾಗಿಸಬಲ್ಲದು? ಆವೇಶ ಅಷ್ಟು ಅಗಲಕ್ಕೆ ಹರಡಿರುವುದರಿಂದ ಡಿಗ್ರಿಯ ನೂರನೇ ಒಂದು ಭಾಗ, ಅಷ್ಟೇ. ಹಾಳೆಯಲ್ಲಿ ಸಾವಿರಕ್ಕೂ ಮಿಕ್ಕಿ ಪರಮಾಣು ಪದರಗಳಿದ್ದರೂ ಈ ಬಾಗುಗಳು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಕೂಡಿಸಿದರೆ ಒಂದು ಡಿಗ್ರಿಯ ಆಸುಪಾಸು. ಹೀಗೆ ಸಣ್ಣಸಣ್ಣ ಬಾಗು ಸೇರಿಸೇರಿಸಿ 90 ಡಿಗ್ರಿ ಮುಟ್ಟುವ ಸಂಭವ ಎಷ್ಟೆಂದರೆ, 1ರ ಮುಂದೆ ಎರಡು ಸಾವಿರಕ್ಕೂ ಹೆಚ್ಚು ಸೊನ್ನೆ ಬರೆಯಿರಿ, ಅಷ್ಟರಲ್ಲಿ ಒಂದು ಸಲ. ಪ್ರಯೋಗ ಹೇಳುತ್ತಿರುವುದು 20,000ದಲ್ಲಿ ಒಂದು. ಇಂಥ ಅಂತರವನ್ನು ತೇಪೆ ಹಾಕಿ ಮುಚ್ಚಲಾಗುವುದಿಲ್ಲ.

1911ರಲ್ಲಿ ರುದರ್‌ಫೋರ್ಡ್ ಇಡೀ ಆವೇಶವನ್ನು ನಡುವಿನ ಒಂದು ಬಿಂದುವಿಗೆ ತಂದರು. ಆಗ ಒಂದೇ ಡಿಕ್ಕಿ ಸಾಕು. 7.7 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಆಲ್ಫಾ ಕಣ ನೇರ ಎದುರಿಗೆ ಬಂದರೆ ಚಿನ್ನದ ಪರಮಾಣುವಿನ ಕೇಂದ್ರದಿಂದ ಸುಮಾರು 3 × 10⁻¹⁴ ಮೀಟರ್ ದೂರದಲ್ಲಿ ನಿಂತು ವಾಪಸ್ ತಿರುಗುತ್ತದೆ. ಪರಮಾಣುವಿನ ತ್ರಿಜ್ಯದಲ್ಲಿ ಇದು ಸುಮಾರು ಐದು ಸಾವಿರದಲ್ಲಿ ಒಂದು ಪಾಲು. ಎಷ್ಟು ಕಣ ಯಾವ ಕೋನಕ್ಕೆ ಹೋಗಬೇಕು ಎಂಬ ಸೂತ್ರವೂ ಬಂತು: ಅರ್ಧಕೋನದ ಸೈನ್ ಬೆಲೆಯ ನಾಲ್ಕನೇ ಘಾತಕ್ಕೆ ವಿಲೋಮವಾಗಿ.

ಈ ಸೂತ್ರವನ್ನು ಒರೆಗೆ ಹಚ್ಚುವ ಕೆಲಸ ಸುಲಭದ್ದಲ್ಲ. 5 ಡಿಗ್ರಿಯಲ್ಲಿ ಬೀಳುವ ಕಣಗಳು 150 ಡಿಗ್ರಿಯಲ್ಲಿ ಬೀಳುವುದಕ್ಕಿಂತ ಸುಮಾರು 2 ಲಕ್ಷ 40 ಸಾವಿರ ಪಟ್ಟು. ಎಣಿಸುವ ಸಾಧನವೋ, ಮನುಷ್ಯನ ಕಣ್ಣು. ಕತ್ತಲೆ ಕೋಣೆ, ಸತುವಿನ ಸಲ್ಫೈಡ್ ಬಳಿದ ಪರದೆ, ಅದರ ಬೆನ್ನಿಗೆ ಸೂಕ್ಷ್ಮದರ್ಶಕ. ಕಣ ಬಡಿದಾಗ ಮಿಣುಕ್ ಎಂದು ಒಂದು ಚುಕ್ಕಿ. ನಿಮಿಷಕ್ಕೆ ಸುಮಾರು 90 ಮಿಣುಕು ದಾಟಿದರೆ ಎಣಿಕೆ ತಪ್ಪುತ್ತದೆ, ತೀರಾ ಕಡಿಮೆಯಾದರೆ ಅಂಕಿಗೆ ಭರವಸೆ ಇಲ್ಲ. ಇಷ್ಟು ಕಿರಿದಾದ ಕಿಂಡಿಯಲ್ಲಿ ಎರಡೂವರೆ ಲಕ್ಷದ ವ್ಯತ್ಯಾಸವನ್ನು ತೂರಿಸುವುದು ಹೇಗೆ? ಆಲ್ಫಾ ಕಣಗಳ ಮೂಲವಾಗಿ ಬಳಸಿದ್ದು ರೇಡಿಯಂನಿಂದ ಹೊಮ್ಮುವ ರೇಡಾನ್, ಅರ್ಧಾಯು 3.8 ದಿನ, ಅಂದರೆ ಅಷ್ಟರಲ್ಲಿ ಅದು ಅರ್ಧಕ್ಕಿಳಿಯುತ್ತದೆ. ಮೂಲ ತಾಜಾ ಇದ್ದಾಗ ದೊಡ್ಡ ಕೋನಗಳನ್ನು ಎಣಿಸಿ, ಅದು ಕ್ಷೀಣಿಸಿದ ಮೇಲೆ ಸಣ್ಣ ಕೋನಗಳಿಗೆ ಬಂದು, ಕ್ಷೀಣಿಸಿದಷ್ಟನ್ನು ಲೆಕ್ಕದಲ್ಲಿ ಸರಿಪಡಿಸಿಕೊಂಡರು. ಮೂಲದ ದೌರ್ಬಲ್ಯವನ್ನೇ ಅಳತೆಗೋಲು ಮಾಡಿಕೊಂಡ ಈ ಉಪಾಯ ಇಡೀ ಪ್ರಯೋಗದ ಜೀವ ಎನ್ನಬೇಕು. 1913ರ ಹೊತ್ತಿಗೆ ಒಂದು ಲಕ್ಷಕ್ಕೂ ಮಿಕ್ಕಿ ಮಿಣುಕು ಎಣಿಸಿದ್ದರು. ಸೂತ್ರ ನಿಂತಿತು.

ಇಲ್ಲೊಂದು ತಿದ್ದುಪಡಿ. ಕೇಂದ್ರದ ಆವೇಶ ಧನವೋ ಋಣವೋ ಎಂದು 1911ರ ಲೇಖನ ತೀರ್ಮಾನಿಸಲಿಲ್ಲ, ಏಕೆಂದರೆ ಎರಡಕ್ಕೂ ಸೂತ್ರ ಒಂದೇ. ಗ್ರಹಗಳಂತೆ ಸುತ್ತುವ ಎಲೆಕ್ಟ್ರಾನ್‌ಗಳ ಚಿತ್ರವೂ ಅದರ ವಾದದಲ್ಲಿಲ್ಲ. ಕೇಂದ್ರದ ಸುತ್ತ ವಿರುದ್ಧ ಆವೇಶ ಸಮನಾಗಿ ಹರಡಿದೆ ಎಂದಿಟ್ಟುಕೊಂಡೇ ಲೆಕ್ಕ ಮಾಡಿದ್ದಾರೆ.

ಎಲೆಕ್ಟ್ರಾನ್ ನಿಜಕ್ಕೂ ಸುತ್ತಿದರೆ ಇನ್ನೊಂದು ತೊಡಕು. ಸುತ್ತುವ ಆವೇಶ ಬೆಳಕು ಸೂಸಿ ಶಕ್ತಿ ಕಳೆದುಕೊಳ್ಳಬೇಕು. ಹಳೆಯ ನಿಯಮಗಳ ಪ್ರಕಾರ ಹೈಡ್ರೋಜನ್ ಪರಮಾಣುವಿನ ಆಯಸ್ಸು ಸುಮಾರು 1.6 × 10⁻¹¹ ಸೆಕೆಂಡ್. 1913ರಲ್ಲಿ ನೀಲ್ಸ್ ಬೋರ್ ಈ ನಿಯಮವನ್ನೇ ಪಕ್ಕಕ್ಕಿಟ್ಟರು. ಕೋನೀಯ ಸಂವೇಗ ಪ್ಲಾಂಕ್ ಸ್ಥಿರಾಂಕವನ್ನು 2π ಇಂದ ಭಾಗಿಸಿದ ಬೆಲೆಯ ಪೂರ್ಣ ಗುಣಕವಾಗಿರುವ ಕಕ್ಷೆಗಳಷ್ಟೇ ಉಂಟು, ಅಲ್ಲಿದ್ದಾಗ ಬೆಳಕು ಸೂಸುವುದಿಲ್ಲ, ಜಿಗಿದಾಗ ಮಾತ್ರ ಎಂದರು. 1885ರಿಂದಲೂ ಬಾಮರ್ ಸೂತ್ರ ಕಾರಣವಿಲ್ಲದೆ ನಿಂತಿತ್ತು: ಹೈಡ್ರೋಜನ್‌ನ 656.3, 486.1, 434.0 ನ್ಯಾನೋಮೀಟರ್ ಬೆಳಕಿನ ಗೆರೆಗಳನ್ನು ಕರಾರುವಾಕ್ಕಾಗಿ ಕೊಡುತ್ತಿತ್ತು, ಯಾಕೆಂದು ಯಾರಿಗೂ ತಿಳಿದಿರಲಿಲ್ಲ. ಅದರ ಸ್ಥಿರಾಂಕವನ್ನು ಬೋರ್ ಎಲೆಕ್ಟ್ರಾನ್‌ನ ಆವೇಶ, ರಾಶಿ ಮತ್ತು ಪ್ಲಾಂಕ್ ಸ್ಥಿರಾಂಕದಿಂದಲೇ ತೆಗೆದರು: 3.1 × 10¹⁵. ರೋಹಿತದಿಂದ ಅಳೆದದ್ದು 3.29 × 10¹⁵. ಅಂದಿನ ಅಳತೆಗಳ ನಿಖರತೆಗೆ ಇದು ಹೊಂದಿಕೆಯೇ.

ಆದರೂ ಪಾಠಗಳು ಬಿಟ್ಟುಬಿಡುವ ಇನ್ನೊಂದು ಅಂಕಿ ನನ್ನ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡ ಗೆಲುವು. ಹೈಡ್ರೋಜನ್‌ನದೆಂದು ನಂಬಿದ್ದ ಕೆಲವು ಗೆರೆಗಳನ್ನು ಬೋರ್ ಒಂದು ಎಲೆಕ್ಟ್ರಾನ್ ಕಳೆದುಕೊಂಡ ಹೀಲಿಯಂನದು ಎಂದರು. ಹಾಗಿದ್ದರೆ ಸ್ಥಿರಾಂಕ ಸರಿಯಾಗಿ 4 ಪಟ್ಟು ಇರಬೇಕಲ್ಲ, ಬರುತ್ತಿರುವುದು 4.0016 ಎಂದು ಆಲ್ಫ್ರೆಡ್ ಫೌಲರ್ ಆಕ್ಷೇಪಿಸಿದರು. ಕೇಂದ್ರವೂ ತುಸು ಅಲುಗಾಡುತ್ತದೆ, ಹಗುರವಾದ ಹೈಡ್ರೋಜನ್‌ನಲ್ಲಿ ಅದು ಹೆಚ್ಚು; ಆ ತಿದ್ದುಪಡಿ ಸೇರಿಸಿ ಬೋರ್ ಕೊಟ್ಟ ಉತ್ತರ 4.00163.

ಅದೇ ಹೀಲಿಯಂ, ಎರಡೂ ಎಲೆಕ್ಟ್ರಾನ್ ಇದ್ದಾಗ, ಬೋರ್ ಮಾದರಿಯನ್ನು ಕೆಡವಿತು. ಒಂದೇ ಉಂಗುರದಲ್ಲಿ ಎದುರುಬದುರು ಎರಡು ಎಲೆಕ್ಟ್ರಾನ್ ಇಟ್ಟು ಲೆಕ್ಕ ಮಾಡಿದರೆ ಒಂದನ್ನು ಕಿತ್ತೊಗೆಯಲು ಸುಮಾರು 29 ಎಲೆಕ್ಟ್ರಾನ್ ವೋಲ್ಟ್ ಬೇಕು. ಅಳತೆ ಹೇಳುವುದು 24.6. ಕಕ್ಷೆಗಳನ್ನು ಹೇಗೆ ಓರೆ ಮಾಡಿದರೂ, ದೀರ್ಘವೃತ್ತ ಮಾಡಿದರೂ ಹೀಲಿಯಂ ದಾರಿಗೆ ಬರಲಿಲ್ಲ.

1926ರಲ್ಲಿ ಎಲೆಕ್ಟ್ರಾನನ್ನು ಅಲೆಯಾಗಿ ನೋಡುವ ಶ್ರೋಡಿಂಗರ್ ಸಮೀಕರಣ ಬಂದಾಗ ಹೈಡ್ರೋಜನ್‌ನ ಶಕ್ತಿಮಟ್ಟಗಳು ಬೋರ್ ಕೊಟ್ಟವೇ ಬಂದವು, ಕಕ್ಷೆ ಮಾತ್ರ ಉಳಿಯಲಿಲ್ಲ. ತಳಮಟ್ಟದಲ್ಲಿ ಕೋನೀಯ ಸಂವೇಗ ಬೋರ್ ಪ್ರಕಾರ ಒಂದು ಘಟಕ, ಹೊಸ ಲೆಕ್ಕದಲ್ಲಿ ಸೊನ್ನೆ. ಎರಡು ಎಲೆಕ್ಟ್ರಾನ್ ಬಂದ ಕೂಡಲೇ ಈ ಸಮೀಕರಣಕ್ಕೂ ಪೂರ್ತಿ ನಿಖರ ಉತ್ತರ ಕೈಯಲ್ಲಿ ಸಿಗುವುದಿಲ್ಲ, ಹತ್ತಿರ ಹತ್ತಿರ ಹೋಗಬೇಕು. ಒಂದು ಎಲೆಕ್ಟ್ರಾನ್ ಇನ್ನೊಂದಕ್ಕೆ ಕೇಂದ್ರವನ್ನು ತುಸು ಮರೆಮಾಡುತ್ತದೆ ಎಂದಷ್ಟೇ ಹಿಡಿದರೆ 23.1 ಬರುತ್ತದೆ. 1929ರಲ್ಲಿ ನಾರ್ವೆಯ ಹಿಲ್ಲೆರೋಸ್ ಎರಡು ಎಲೆಕ್ಟ್ರಾನ್‌ಗಳ ನಡುವಿನ ದೂರವನ್ನೇ ಅಲೆಯ ಸೂತ್ರದೊಳಕ್ಕೆ ಸೇರಿಸಿದರು. ಉತ್ತರ 24.6ಕ್ಕೆ ಬಂದು ಕೂತಿತು.