ಕೊನೆಯ ಐದು ಸೆಕೆಂಡು

ಕೇಳುಗರಿಗೆ ನಮಸ್ಕಾರ.

ಬರುವ ಕ್ಷಿಪಣಿಯನ್ನು ಹೊಡೆದುರುಳಿಸುವ ಯುದ್ಧನೌಕೆಯ ಗನ್‌ಗಳ ಬಗ್ಗೆ ಮಾತು ತೆಗೆದರೆ ಸಾಕು, ಮೊದಲ ಪ್ರಶ್ನೆ ಯಾವಾಗಲೂ ಒಂದೇ. "ಸಾರ್, ನಿಮಿಷಕ್ಕೆ ಎಷ್ಟು ಗುಂಡು ಹೊಡೆಯುತ್ತೆ?" ಸರಿ, ಅದನ್ನು ಮೊದಲೇ ಹೇಳಿ ಮುಗಿಸುತ್ತೇನೆ. ಅಮೆರಿಕದ ಫಾಲ್ಯಾಂಕ್ಸ್ 4,500. ರಷ್ಯಾದ ಎಕೆ-630 ಸುಮಾರು 5,000. ಇದು ನಮ್ಮ ನೌಕಾಪಡೆಯ ಹಡಗುಗಳಲ್ಲೂ ಇದೆ. ಆಯ್ತಲ್ವಾ? ಇನ್ನು ಆ ಲೆಕ್ಕ ಬಿಟ್ಟುಬಿಡಿ. ಫಾಲ್ಯಾಂಕ್ಸ್‌ನಲ್ಲಿ ಒಂದು ಸಲಕ್ಕೆ ತುಂಬುವುದು 1,550 ಗುಂಡು. ಬಿಡದೆ ಹೊಡೆದರೆ ಇಪ್ಪತ್ತು ಸೆಕೆಂಡಿನಲ್ಲಿ ಖಾಲಿ. ನಿಮಿಷದ ಮಾತು ಇಲ್ಲಿ ಬರುವುದೇ ಇಲ್ಲ. ಎಲ್ಲವೂ ಸೆಕೆಂಡಿನ ವ್ಯವಹಾರ.

ಹಡಗಿನ ಮೇಲೆ ಬರುವ ಕ್ಷಿಪಣಿ ಸಾಮಾನ್ಯವಾಗಿ ಎತ್ತರದಲ್ಲಿ ಬರುವುದಿಲ್ಲ. ನೀರಿನಿಂದ ಕೆಲವೇ ಮೀಟರ್ ಮೇಲೆ, ಅಲೆಗಳನ್ನು ಸವರಿಕೊಂಡು ಬರುತ್ತದೆ. ಭೂಮಿ ದುಂಡಗಿದೆ ನೋಡಿ, ಹಾಗಾಗಿ ಹಡಗಿನ ರೇಡಾರ್‌ಗೆ ಅದು ಕಾಣುವಷ್ಟರಲ್ಲಿ ಇಪ್ಪತ್ತೈದು ಮೂವತ್ತು ಕಿಲೋಮೀಟರ್ ಹತ್ತಿರ ಬಂದಿರುತ್ತದೆ. ಸೆಕೆಂಡಿಗೆ ಸುಮಾರು 300 ಮೀಟರ್ ವೇಗ. ಅಂದರೆ ಕೈಯಲ್ಲಿರುವುದು ಒಂದೂವರೆ ನಿಮಿಷ. ಅಷ್ಟರಲ್ಲಿ ಹಡಗು ತನ್ನ ಕ್ಷಿಪಣಿ ಬಿಡಬೇಕು, ಗಾಳಿಯಲ್ಲಿ ಲೋಹದ ಚೂರು ಚೆಲ್ಲಿ ಶತ್ರು ಕ್ಷಿಪಣಿಯ ದಾರಿ ತಪ್ಪಿಸಲು ನೋಡಬೇಕು. ಇದೆಲ್ಲ ಕೈಕೊಟ್ಟಾಗ ಉಳಿಯುವುದು ಗನ್. ಫಾಲ್ಯಾಂಕ್ಸ್‌ನ ಗುಂಡು ಕೆಲಸಕ್ಕೆ ಬರುವುದು ಸುಮಾರು ಒಂದೂವರೆ ಕಿಲೋಮೀಟರ್ ಒಳಗೆ. ನೀವೇ ಭಾಗಿಸಿ ನೋಡಿ. ಐದು ಸೆಕೆಂಡು.

ಐದು ಸೆಕೆಂಡಿನಲ್ಲಿ ಮನುಷ್ಯ ಏನು ಮಾಡಬಲ್ಲ? "ಏನೋ ಬರ್ತಿದೆ ಸಾರ್" ಅನ್ನುವಷ್ಟರಲ್ಲೇ ಎರಡು ಸೆಕೆಂಡು ಹೋಯಿತು. ಅದಕ್ಕೇ ಹುಡುಕುವುದು, ಗುರಿ ಹಿಡಿಯುವುದು, ಹೊಡೆಯುವುದು, ನಿಲ್ಲಿಸುವುದು, ಎಲ್ಲವನ್ನೂ ಯಂತ್ರಕ್ಕೇ ಬಿಟ್ಟಿದ್ದಾರೆ. ಮನುಷ್ಯನ ತೀರ್ಮಾನ ಒಂದೇ, ಅದೂ ಮೊದಲೇ ಆಗಿರಬೇಕು: ಯಂತ್ರವನ್ನು ಆಟೋಮ್ಯಾಟಿಕ್‌ಗೆ ಹಾಕುವುದೋ ಬೇಡವೋ. ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಇದೊಂದೇ ಮಾತು.

ಯಂತ್ರ ಕೆಲಸ ಮಾಡುವ ರೀತಿ ಸೊಗಸಾಗಿದೆ. ಫಾಲ್ಯಾಂಕ್ಸ್‌ನ ತಲೆ ಮೇಲಿನ ಬಿಳಿ ಗುಮ್ಮಟದಲ್ಲಿ ಒಂದು ರೇಡಾರ್ ಸುತ್ತ ಹುಡುಕುತ್ತದೆ. ಅದರ ಕೆಳಗೆ ಇನ್ನೊಂದು, ಬರುವ ಕ್ಷಿಪಣಿಯನ್ನು ಬೆನ್ನು ಹತ್ತುತ್ತದೆ. ಅಷ್ಟೇ ಅಲ್ಲ, ತಾನು ಹೊಡೆದ ಗುಂಡುಗಳನ್ನೂ ಅದು ನೋಡುತ್ತಿರುತ್ತದೆ! ಪೈಪ್ ಹಿಡಿದು ದೂರದ ಗಿಡಕ್ಕೆ ನೀರು ಬಿಡುವಾಗ ನೀವು ಲೆಕ್ಕ ಹಾಕುತ್ತೀರಾ? ನೀರು ಎಲ್ಲಿ ಬೀಳುತ್ತಿದೆ ಅಂತ ನೋಡಿ ಕೈ ಸರಿಸುತ್ತೀರಿ. ಇದೂ ಹಾಗೆಯೇ. ಗುಂಡಿನ ಸಾಲು ಕ್ಷಿಪಣಿಗೆ ಎಷ್ಟು ತಪ್ಪಿತು ಅಂತ ಅಳೆದು, ಹೊಡೆಯುತ್ತಲೇ ತಿದ್ದಿಕೊಳ್ಳುತ್ತದೆ. ನಿಮಿಷಕ್ಕೆ ಎಷ್ಟು ಗುಂಡು ಅನ್ನುವುದಕ್ಕಿಂತ ಇದು ಮುಖ್ಯ.

ಈಗ ಒಂದು ಘಟನೆ ಹೇಳುತ್ತೇನೆ. 1987ರ ಮೇ 17, ರಾತ್ರಿ. ಪರ್ಶಿಯನ್ ಕೊಲ್ಲಿ. ಇರಾನ್ ಮತ್ತು ಇರಾಕ್ ಯುದ್ಧ ನಡೆಯುತ್ತಿದ್ದ ಕಾಲ. ಅಮೆರಿಕದ ಸ್ಟಾರ್ಕ್ ಎಂಬ ಯುದ್ಧನೌಕೆ ಬಹರೇನ್ ಹತ್ತಿರ ಗಸ್ತು ತಿರುಗುತ್ತಿತ್ತು. ಇರಾಕಿನ ಒಂದು ಮಿರಾಜ್ ವಿಮಾನ ಮೇಲೆದ್ದಿತು. ಗುಟ್ಟಾಗೇನೂ ಅಲ್ಲ. ಆಕಾಶದಲ್ಲಿದ್ದ ಗಸ್ತು ವಿಮಾನ ಅದನ್ನು ನೋಡಿತ್ತು, ಹಡಗಿಗೂ ತಿಳಿಸಿತ್ತು. ಇರಾಕಿನ ವಿಮಾನಗಳು ಆ ಕಡೆ ಬರುವುದು ಮಾಮೂಲಿ. ಇರಾಕ್ ಅಮೆರಿಕದ ಶತ್ರುವೂ ಅಲ್ಲ. ಹಾಗಾಗಿ ಯಾರೂ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ವಿಮಾನ ಹಡಗಿನ ಕಡೆ ತಿರುಗಿತು. ರೇಡಿಯೋದಲ್ಲಿ "ನೀವು ಯಾರು?" ಅಂತ ಎರಡು ಸಲ ಕೇಳಿದರು. ಉತ್ತರ ಇಲ್ಲ. ಅಷ್ಟು ಹೊತ್ತಿಗೆ ಅದು ಒಂದಲ್ಲ, ಎರಡು ಎಕ್ಸೋಸೆಟ್ ಕ್ಷಿಪಣಿ ಬಿಟ್ಟಾಗಿತ್ತು. ಹಡಗಿನ ರೇಡಾರ್‌ಗೆ ಕ್ಷಿಪಣಿ ಗೊತ್ತೇ ಆಗಲಿಲ್ಲ. ಮೊದಲು ಕಂಡವನು ಮೇಲೆ ಪಹರೆ ನಿಂತಿದ್ದ ನಾವಿಕ, ಬರಿಗಣ್ಣಿಗೆ, ಬಡಿಯುವ ಕೆಲವೇ ಸೆಕೆಂಡು ಮುಂಚೆ. ಮೊದಲ ಕ್ಷಿಪಣಿ ಸಿಡಿಯಲಿಲ್ಲ, ಆದರೆ ಅದರಲ್ಲಿ ಉಳಿದಿದ್ದ ಇಂಧನ ಹಡಗಿನೊಳಗೆ ಹೊತ್ತಿಕೊಂಡಿತು. ಎರಡನೆಯದು ಸಿಡಿಯಿತು. 37 ನಾವಿಕರು ಸತ್ತರು.

ಆ ಹಡಗಿನಲ್ಲಿ ಫಾಲ್ಯಾಂಕ್ಸ್ ಇರಲಿಲ್ಲವೇ? ಇತ್ತು! ಸ್ಟ್ಯಾಂಡ್‌ಬೈನಲ್ಲಿ ಸುಮ್ನೆ ನಿಂತಿತ್ತು. ಒಂದು ಗುಂಡೂ ಹಾರಲಿಲ್ಲ. ವಿಚಾರಣೆ ಆಯಿತು, ಕ್ಯಾಪ್ಟನ್ ನೌಕಾಪಡೆ ಬಿಡಬೇಕಾಯಿತು. ಅದಾದ ಮೇಲೂ ನನ್ನನ್ನು ಕೇಳುವುದು ನಿಮಿಷಕ್ಕೆ ಎಷ್ಟು ಗುಂಡು ಅಂತಲೇ.

ಹಾಗಾದರೆ ಸದಾ ಆಟೋಮ್ಯಾಟಿಕ್‌ನಲ್ಲೇ ಇಡಬಹುದಲ್ಲ, ಅನ್ನುತ್ತೀರಿ. ಇಟ್ಟವರ ಕಥೆಯೂ ಇದೆ. 1991ರ ಕೊಲ್ಲಿ ಯುದ್ಧದಲ್ಲಿ ಜ್ಯಾರೆಟ್ ಎಂಬ ಹಡಗಿನ ಫಾಲ್ಯಾಂಕ್ಸ್ ಆಟೋಮ್ಯಾಟಿಕ್‌ನಲ್ಲಿತ್ತು. ಪಕ್ಕದ ಮಿಸ್ಸೌರಿ ಹಡಗು ಚೆಲ್ಲಿದ ಲೋಹದ ಚೂರುಗಳನ್ನೇ ಶತ್ರು ಅಂದುಕೊಂಡು ಗುಂಡು ಹಾರಿಸಿತು. ಕೆಲವು ಗುಂಡು ಮಿಸ್ಸೌರಿಗೇ ತಗುಲಿದವು. 1996ರಲ್ಲಿ ಕವಾಯತಿನ ವೇಳೆ ಜಪಾನಿನ ಯೂಗಿರಿ ಹಡಗು ಗುರಿಯನ್ನು ಬಿಟ್ಟು, ಗುರಿ ಎಳೆಯುತ್ತಿದ್ದ ಅಮೆರಿಕದ ವಿಮಾನವನ್ನೇ ಉರುಳಿಸಿತು. ವಿಮಾನದಲ್ಲಿದ್ದ ಇಬ್ಬರೂ ಹೊರಗೆ ಹಾರಿ ಬದುಕಿದರು.

ಅಂದರೆ ಆ ಸ್ವಿಚ್ ಯಾವಾಗ ಹಾಕಬೇಕು, ಯಾವಾಗ ತೆಗೆಯಬೇಕು, ಅದು ಹಡಗಿನ ಕ್ಯಾಪ್ಟನ್ ಪ್ರತಿ ರಾತ್ರಿ ಮಾಡಬೇಕಾದ ತೀರ್ಮಾನ. ಸರಿಯಾಗಿ ಮಾಡಿದರೆ ಗನ್ ತನ್ನ ಕೆಲಸ ಮಾಡುತ್ತದೆ. 2024ರ ಜನವರಿಯಲ್ಲಿ ಕೆಂಪು ಸಮುದ್ರದಲ್ಲಿ ಯೆಮೆನ್‌ನ ಹೂಥಿ ಬಂಡುಕೋರರ ಒಂದು ಕ್ಷಿಪಣಿ ಉಳಿದೆಲ್ಲ ರಕ್ಷಣೆ ದಾಟಿ ಅಮೆರಿಕದ ಗ್ರೇವ್ಲಿ ಎಂಬ ಹಡಗಿನ ಹತ್ತಿರಕ್ಕೇ ಬಂದಿತ್ತು. ಅದನ್ನು ಕೊನೆಗೆ ಕೆಡವಿದ್ದು ಇದೇ ಫಾಲ್ಯಾಂಕ್ಸ್.

ಸಮಯ ಮುಗಿಯುತ್ತಿದೆ ಅಂತ ಸನ್ನೆ ಮಾಡುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. ಬ್ರಹ್ಮೋಸ್‌ನಂಥ ಕ್ಷಿಪಣಿಗಳಿಗೆ ಶಬ್ದದ ಮೂರು ಪಟ್ಟಿನ ಹತ್ತಿರ ವೇಗ. ಅವುಗಳ ಮುಂದೆ ಐದು ಸೆಕೆಂಡು ಎರಡಕ್ಕಿಂತ ಕಡಿಮೆ ಆಗುತ್ತದೆ. ಅದಕ್ಕೇ ಅನೇಕ ಹಡಗುಗಳಲ್ಲಿ ಗನ್ ಬದಲಿಗೆ ಚಿಕ್ಕ ಕ್ಷಿಪಣಿಗಳು ಬರುತ್ತಿವೆ. ನಮ್ಮಲ್ಲಿ ಗನ್‌ಗಳಿಗೆ ಗುರಿ ತೋರಿಸುವ ಲಿಂಕ್ಸ್ ಯು-2 ಎಂಬ ವ್ಯವಸ್ಥೆಯನ್ನು ತಯಾರಿಸುವುದು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ಬಿಇಎಲ್. ಅದರದೇ ಒಂದು ದೊಡ್ಡ ಕಥೆ, ಇವತ್ತು ಆಗುವುದಿಲ್ಲ.

ಕಾರವಾರದ ಕಡೆ ಇರುವ ಮಕ್ಕಳಿಗೆ ಒಂದು ಮಾತು. ಟ್ಯಾಗೋರ್ ಕಡಲತೀರದಲ್ಲಿ ನಿಂತಿರುವ ಚಪಲ್ ಎಂಬ ಹಳೆಯ ಯುದ್ಧನೌಕೆಯನ್ನು ಹೋಗಿ ನೋಡಿ. ಎರಡು ಬದಿಗೆ ದೊಡ್ಡ ಡಬ್ಬಿಗಳಂತೆ ಇರುವ ನಾಲ್ಕು ಗೂಡುಗಳು ಕ್ಷಿಪಣಿಗಳವು. 1971ರಲ್ಲಿ ಕರಾಚಿ ಮೇಲೆ ದಾಳಿ ಮಾಡಿದ್ದು ಇದೇ ಜಾತಿಯ ದೋಣಿಗಳು. ಎಲ್ಲರೂ ಆ ಗೂಡುಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನೀವು ಮುಂದೆ ಒಂದು, ಹಿಂದೆ ಒಂದು ಇರುವ ದುಂಡು ತಲೆಯ ಗನ್‌ಗಳನ್ನೂ ನೋಡಿ. ಒಂದೊಂದಕ್ಕೆ ಎರಡೆರಡು ನಳಿಕೆ, 30 ಮಿಲಿಮೀಟರ್. ಆರು ನಳಿಕೆಯ ಎಕೆ-630 ಬರುವ ಮೊದಲಿನ ತಲೆಮಾರು ಅದು.

ನಮಸ್ಕಾರ.