ಓದಿಸಿ ಕೇಳ್ರಿ, ಆಮೇಲೆ ಸಹಿ ಮಾಡ್ರಿ

ಕೇಳುಗ ಬಂಧುಗಳಿಗೆ ನಮಸ್ಕಾರ.

‘ನಮ್ಮ ಊರು, ನಮ್ಮ ಪಂಚಾಯಿತಿ’ ಅಂತ ವಿಷಯ ಕೊಟ್ಟಿದ್ದಾರೆ. ವಿಷಯ ದೊಡ್ಡದು, ವೇಳೆ ಸಣ್ಣದು. ಅದಕ್ಕೆ ನಾನು ಒಂದೇ ಮಾತು ಹೇಳ್ತೀನಿ: ವಾರ್ಡ್ ಸಭೆಗೆ ಹೋಗ್ರಿ, ನಿಮ್ಮ ಓಣಿಯ ಕೆಲಸವನ್ನ ನಡಾವಳಿ ಪುಸ್ತಕದಲ್ಲಿ ಬರೆಸ್ರಿ.

1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಹೆಚ್ಚುಕಮ್ಮಿ 400 ಜನಸಂಖ್ಯೆಗೆ ಒಬ್ಬ ಸದಸ್ಯ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮ ಸಭೆ, ಅದಕ್ಕೂ ಮೊದಲು ವಾರ್ಡ್ ಸಭೆ. ವಾರ್ಡಿನ ಪಟ್ಟಿ ಗ್ರಾಮ ಸಭೆಗೆ ಹೋಗುತ್ತದೆ, ಅಲ್ಲಿಂದ ಪಂಚಾಯಿತಿಯ ಕ್ರಿಯಾ ಯೋಜನೆಗೆ. ಪಟ್ಟಿಯಲ್ಲಿಲ್ಲದ ಗಟಾರಕ್ಕಾಗಿ ಆಮೇಲೆ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಹತ್ತಿರ ಎಷ್ಟು ಅಡ್ಡಾಡಿದರೂ ಅಷ್ಟೇ, ಸದಸ್ಯರನ್ನ ಚಹಾದಂಗಡಿ ಮುಂದೆ ಹಿಡಿದು ಬೈದರೂ ಅಷ್ಟೇ. ಗ್ರಾಮ ಸಭೆಯ ಕೋರಂಗೆ ಎಷ್ಟು ಮಂದಿ ಬೇಕು? ಮತದಾರರಲ್ಲಿ ಹತ್ತನೇ ಒಂದು ಪಾಲು, ಇಲ್ಲವೇ 100 ಜನ, ಯಾವುದು ಕಡಿಮೆಯೋ ಅದು. ನಮ್ಮೂರ ಜಾತ್ರೆಯಲ್ಲಿ ಒಂದು ಮಿರ್ಚಿ ಅಂಗಡಿ ಮುಂದೆ ಅಷ್ಟು ಜನ ಇರ್ತಾರ್ರಿ!

ರೋಣದ ಕಡೆ ಒಂದು ಊರು. ಎರೆ ನೆಲ, ಮಳೆಯಾದರೆ ಓಣಿಯಲ್ಲಿ ಕಾಲಿಟ್ಟ ಚಪ್ಪಲಿ ಮೇಲೆ ಬರೋದಿಲ್ಲ. ಹನುಮಪ್ಪನ ಗುಡಿ ಕಟ್ಟೆಯ ಮೇಲೆ ವಾರ್ಡ್ ಸಭೆ ನಡೆದಿತ್ತು, ನಾನೂ ಕೂತಿದ್ದೆ. ಗಟಾರ, ಗಟಾರ ಅಂತ ಎಲ್ಲರೂ ಕೂಗಿ ಮುಗಿದಿತ್ತು. ಕಾರ್ಯದರ್ಶಿ ಪುಸ್ತಕ ತಿರುಗಿಸಿ, ಇಂಕಿನ ಪ್ಯಾಡು ಮುಂದಿಟ್ಟು, “ಯವ್ವಾ, ಹೆಬ್ಬಟ್ಟು ಒತ್ತಬೇ” ಅಂದರು. ಅಜ್ಜಿ ಕೈಯನ್ನ ಸೆರಗಿನೊಳಗೆ ಎಳಕೊಂಡಳು.

“ಮೊದಲ ಓದಪಾ, ಏನ ಬರದೀ?”

“ಗ್ರಾಮದಲ್ಲಿ ಗಟಾರ ನಿರ್ಮಿಸುವುದು.”

“ಯಾವ ಓಣ್ಯಾಗ?”

“ಅದನ್ನ ಇಂಜಿನಿಯರ್ ಬಂದು ನೋಡ್ತಾರಬೇ, ಆಮ್ಯಾಲೆ.”

“ಆಮ್ಯಾಲಂದ್ರ ಅದು ಗೌಡ್ರ ಓಣಿಗೆ ಹೊಕ್ಕೈತಿ. ಬರಿ: ಹನಮಪ್ಪನ ಗುಡಿಯಿಂದ ಹಿಟ್ಟಿನ ಗಿರಣಿ ತನಕಾ. ಎರಡೂ ಬಾಜೂಕ.”

ಕಾರ್ಯದರ್ಶಿ ಬರೆದರು. ಅಜ್ಜಿಗೆ ಅಷ್ಟಕ್ಕೆ ಸಮಾಧಾನ ಇಲ್ಲ. ಅಲ್ಲೇ ಗೋಲಿ ಆಡ್ತಿದ್ದ ಸಾಲಿ ಹುಡುಗನನ್ನ ಕರೆದು ಇನ್ನೊಮ್ಮೆ ಓದಿಸಿದಳು. ಹುಡುಗ ‘ಗಿರಣಿ’ ಅನ್ನೋ ತನಕ ಓದಿದ ಮೇಲೇ ಹೆಬ್ಬಟ್ಟು. ಆಕೆಗೆ ಒಂದಕ್ಷರ ಬರೋದಿಲ್ಲ. ಡಿಗ್ರಿ ಮುಗಿಸಿದ ನಾಲ್ಕೈದು ಮಂದಿ ಅಲ್ಲೇ ಇದ್ದರು; ಅವರು ಆಗಲೇ ಓದದೇ ಸಹಿ ಮಾಡಿ ಮೊಬೈಲ್ ನೋಡ್ತಾ ನಿಂತಿದ್ದರು.

ಮುಂದಿನ ವರ್ಷ ಗಟಾರ ಬಂತು. ಆದರೆ ಗುಡಿಯಿಂದ ಹೊರಟದ್ದು ಗಿರಣಿ ಮುಟ್ಟಲಿಲ್ಲ, ನಡುವೆಯೇ ನಿಂತಿತು. ಜಮಾಬಂದಿ ಅಂತ ವರ್ಷಕ್ಕೊಮ್ಮೆ ನಡೀತದೆ, ಪಂಚಾಯಿತಿಯ ಲೆಕ್ಕ ಮತ್ತು ಕೆಲಸ ಎರಡನ್ನೂ ಊರ ಮುಂದಿಡೋ ಸಭೆ. ಅಲ್ಲಿ ಅಜ್ಜಿ ಅದೇ ಪುಸ್ತಕ ತರಿಸಿ ಅದೇ ಸಾಲು ಓದಿಸಿದಳು. ಇಂಜಿನಿಯರ್ ಟೇಪು ಹಿಡಿದು ಅಳೀಬೇಕಾಯ್ತು. ಉಳಿದ ತುಂಡು ಮುಂದಿನ ಯೋಜನೆಗೆ ಸೇರಿತು. ‘ಗ್ರಾಮದಲ್ಲಿ ಗಟಾರ’ ಅಂತಷ್ಟೇ ಇದ್ದಿದ್ದರೆ ಎಲ್ಲಿಂದ ಎಲ್ಲಿಗೆ ಅಳೀತಿದ್ದರು? ಅದಕ್ಕೇ ಹೇಳೋದು, ಬರೆಸ್ರಿ.

ಅಜ್ಜಿಯ ಮಾತೇ ಬಹಳ ಆಯ್ತು. ಇರಲಿ, ಆಕೆಯ ಮಾತು ಬಂದರೆ ನನಗೆ ನಿಲ್ಲಿಸೋಕಾಗೋದಿಲ್ಲ.

“ಪಂಚಾಯ್ತಿ ನಮಗೇನ ಮಾಡೇತ್ರಿ?” ಅಂತ ಕೇಳೋರಿಗೆ ನಾನು ಕಣಗಿನಹಾಳದ ಕಡೆ ಬೆರಳು ತೋರಿಸ್ತೀನಿ. 1905ರಲ್ಲಿ ಶಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ದೇಶದ ಮೊದಲ ಕೃಷಿ ಸಹಕಾರ ಸಂಘ ಶುರುವಾದದ್ದು ಗದಗ ತಾಲ್ಲೂಕಿನ ಆ ಹಳ್ಳಿಯಲ್ಲೇ. ಊರವರೇ ಕೂಡಿ ಸಂಘ ಕಟ್ಟಿದ ಸೀಮೆಯವರು ನಾವು, ಒಂದು ಸಾಲು ಬರೆಸೋಕೆ ಬೇಸರ ಮಾಡಿಕೊಂಡರೆ ಹೆಂಗ್ರಿ?

ಅಕ್ಕತಂಗಿಯರಿಗೆ: ಪಂಚಾಯಿತಿಯಲ್ಲಿ ಅರ್ಧ ಸ್ಥಾನ ನಿಮ್ಮವೇ. ಅಧ್ಯಕ್ಷೆ ಇದ್ದಾಗ ಅರ್ಜಿಯನ್ನ ಆಕೆಯ ಗಂಡನ ಕೈಗೆ ಕೊಡಬ್ಯಾಡ್ರಿ. ಆಕೆಯ ಕೈಗೇ ಕೊಡ್ರಿ.

ಮುಳಗುಂದ, ನರೇಗಲ್ಲ, ಶಿರಹಟ್ಟಿಯವರೂ ಕೇಳ್ತಿರಬಹುದು. ನಿಮ್ಮದು ಪಟ್ಟಣ ಪಂಚಾಯಿತಿ, 1964ರ ಪುರಸಭೆ ಕಾಯ್ದೆಯ ಕೆಳಗೆ ಬರ್ತದೆ. ನಿಮಗೆ ಗ್ರಾಮ ಸಭೆ ಇಲ್ಲ. ಬಜೆಟ್ಟಿಗೆ ಮೊದಲು ಸಾರ್ವಜನಿಕರ ಸಭೆ ಕರೀತಾರೆ, ಅಲ್ಲಿಗೆ ಹೋಗ್ರಿ. ಬಾಯಲ್ಲಿ ಹೇಳಿ ಬರಬ್ಯಾಡ್ರಿ, ಕಾಗದದ ಮೇಲೆ ಕೊಟ್ಟು ಬರ್ರಿ.

ಕಪ್ಪತಗುಡ್ಡದ ಸೆರಗಿನ ತಾಂಡಾಗಳ ಬಗ್ಗೆ ಬಹಳ ಹೇಳೋದಿತ್ತು, ವೇಳೆ ಆಯ್ತು ಅಂತ ಆಚೆಯಿಂದ ಕೈ ಮಾಡ್ತಿದ್ದಾರೆ. ತಾಂಡಾದವರೇ, ದೊಡ್ಡ ಊರಿಗೆ ನೀವು ನಡೆದು ಮುಟ್ಟೋದರೊಳಗೆ ಸಭೆ ಮುಗಿದಿರ್ತದೆ. ಅದಕ್ಕೆ ಇಷ್ಟು ಮಾಡ್ರಿ: ಮುಂದಿನ ವಾರ್ಡ್ ಸಭೆ ತಾಂಡಾದಲ್ಲೇ, ಸೇವಾಲಾಲ್ ಗುಡಿ ಮುಂದೆ ಕರೀರಿ ಅಂತ ಅರ್ಜಿ ಬರೀರಿ. ಎರಡು ಪ್ರತಿ ಮಾಡ್ರಿ, ಒಂದರ ಮೇಲೆ ಪಂಚಾಯಿತಿಯ ಸಿಕ್ಕೆ ಹೊಡೆಸಿಕೊಂಡು ಮನೆಯಲ್ಲಿಟ್ಟುಕೊಳ್ರಿ. ನಮಸ್ಕಾರ.